ರಿಕ್ಲೈನರೂ ನನ್ನ ಮಧ್ಯಾಹ್ನದ ನಿದ್ದೆಯೂ

ನಾನು ಹುಟ್ಟು ಸೋಮಾರಿಯಲ್ಲ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು, ಶ್ರಮಪಟ್ಟು ಸಂಪಾದಿಸಿದ ಸೋಮಾರಿತನ ನನ್ನದು. ಯಾವ ಕಚೇರಿ, ಯಾವ ಊರಿನದು ಎಂದು ಮಾತ್ರ ಕೇಳಬೇಡಿ. ನನ್ನ ಪಿಂಚಣಿಯ ಕೆಲವು ಕಾಗದಗಳು ಇನ್ನೂ ಅಲ್ಲಿಂದಲೇ ಬರಬೇಕು. ಪಹಣಿ, ಖಾತೆ, ಪೋಡಿ ಎಂದು ಜನ ಚಪ್ಪಲಿ ಸವೆಸುವ ಜಾಗ ಎಂದರೆ ಸಾಕು. ಅಲ್ಲಿ ನನಗೊಂದು ಮರದ ಕುರ್ಚಿ ಇತ್ತು. ಅದರ ಒಂದು ಕೈ ಅಲ್ಲಾಡುತ್ತಿತ್ತು, ಬೆನ್ನಿನ ಮೊಳೆ ಅಂಗಿ ಹರಿಯುತ್ತಿತ್ತು. ಅಂಥದರಲ್ಲೂ ಊಟದ ಡಬ್ಬಿ ಮುಚ್ಚಿದ ಐದು ನಿಮಿಷಕ್ಕೆ ನನಗೆ ಎಂಥ ಸೊಗಸಾದ ನಿದ್ದೆ ಬರುತ್ತಿತ್ತೆಂದರೆ, ಬಂದ ರೈತ ಸರ್ವೆ ನಂಬರು ಹೇಳಿ ಮುಗಿಸುವಷ್ಟರಲ್ಲಿ ನಾನು ಊರಿನ ಗಡಿ ದಾಟಿರುತ್ತಿದ್ದೆ.

ನಿವೃತ್ತನಾಗಿ ಸೊರಬದ ಮನೆ ಸೇರಿದ ಮರುದಿನದಿಂದಲೇ ಆ ನಿದ್ದೆ ಕೈಕೊಟ್ಟಿತು. ಮಂಚದ ಮೇಲೆ ಮಲಗಿದೆ, ಚಾಪೆ ಹಾಸಿ ನೋಡಿದೆ, ಜಗಲಿಯಲ್ಲಿ ಉರುಳಿದೆ. ಏನೂ ಪ್ರಯೋಜನವಾಗಲಿಲ್ಲ. ನಿದ್ದೆ ಬಾರದ ಗಂಡ ಅಡುಗೆಮನೆಗೆ ಬಂದು ಬೇಳೆ ಡಬ್ಬಿಗಳಿಗೆ ನಂಬರು ಹಚ್ಚತೊಡಗಿದಾಗ ನನ್ನ ಹೆಂಡತಿ ಗಿರಿಜಾ ಕಡ್ಡಿ ಮುರಿದಂತೆ ಹೇಳಿದಳು: "ರೀ, ಒಂದೋ ನೀವು ನಿದ್ದೆ ಮಾಡಿ, ಇಲ್ಲಾ ನಾನು ತವರಿಗೆ ಹೋಗಿ ನಿದ್ದೆ ಮಾಡ್ತೀನಿ." ಅರವತ್ತು ದಾಟಿದ ಮೇಲೆ ಹೆಂಡತಿ ತವರಿಗೆ ಹೋದರೆ ಕೇರಿಯಲ್ಲಿ ತಲೆಯೆತ್ತುವುದು ಹೇಗೆ? ಬೆನ್ನು ಒರಗಿಸಿ ಕಾಲು ಚಾಚುವ ರಿಕ್ಲೈನರ್ ಕುರ್ಚಿ ತರುವುದೆಂದು ತೀರ್ಮಾನವಾಯಿತು.

ಶಿಕಾರಿಪುರದಲ್ಲಿ ಫರ್ನಿಚರ್ ಅಂಗಡಿ ಇಟ್ಟಿರುವ ಅನ್ವರ್ ಸಾಹೇಬರು ಹಳೆಯ ಪರಿಚಯ. ಅವರಲ್ಲಿ ನಾನಾ ನಮೂನೆಯವು ಇದ್ದವು. ಹಿಡಿ ಎಳೆದರೆ ಕಾಲೆತ್ತುವಂಥದ್ದು, ಗುಂಡಿ ಒತ್ತಿದರೆ ಹಿಂದಕ್ಕೆ ವಾಲುವಂಥದ್ದು, ಒಂದಂತೂ ತಾನೇ ಬೆನ್ನು ತಿಕ್ಕುವಂಥದ್ದು. ಅದರ ಮೇಲೆ ಕೂತವನು ತಟ್ಟನೆ ಎದ್ದೆ. ಕೇಳದೆಯೇ ಇಷ್ಟು ಸೇವೆ ಮಾಡುವವರು ಆಮೇಲೆ ಏನಾದರೂ ಕೆಲಸ ಹೇಳಿಯೇ ಹೇಳುತ್ತಾರೆ; ಇದು ಸರ್ವಿಸಿನಲ್ಲಿ ಕಲಿತ ಪಾಠ. ಕೊನೆಗೆ ಹಿಡಿ ಎಳೆಯುವ ಕಂದು ಕುರ್ಚಿಯಲ್ಲಿ ಒರಗಿದೆ. ಸಾಹೇಬರು ಎದುರು ನಿಂತು, "ಫೋಮ್ ಭಾಳ ಗಟ್ಟಿ ಐತ್ರಿ ಸರ, ಎಷ್ಟ್ ವರ್ಷ ಕುಂತ್ರೂ ಕುಗ್ಗಂಗಿಲ್ಲ" ಎನ್ನುತ್ತಿದ್ದುದಷ್ಟೇ ನೆನಪು. ಎಚ್ಚರವಾದಾಗ ಜೊತೆಗೆ ಬಂದಿದ್ದ ಗಿರಿಜಾ ಕುರ್ಚಿಯನ್ನು ಗಾಡಿಗೆ ಹೇರಿಸುವ ಮಾತಾಡುತ್ತಿದ್ದಳು.

ಅದೇ ಕುರ್ಚಿ ಮನೆಗೆ ಬಂತು. ನಿದ್ದೆ ಶಿಕಾರಿಪುರದಲ್ಲೇ ಉಳಿಯಿತು. ಪೂರ್ವಕ್ಕೆ ತಿರುಗಿಸಿದೆವು, ಪಶ್ಚಿಮಕ್ಕೆ ತಿರುಗಿಸಿದೆವು, ಫ್ಯಾನಿನ ಕೆಳಗೆ ಎಳೆದೆವು. ಬೇರೆ ಕುರ್ಚಿ ಕಳಿಸಿದ್ದೀರಿ ಎಂದು ಸಾಹೇಬರ ಮೇಲೆ ಫೋನಿನಲ್ಲಿ ಹಾರಾಡಿದೆ. ಪಾಪ, ಅವರೇ ಬಂದರು. "ಕುಂತು ತೋರಿಸ್ರಿ ಸರ, ಎಲ್ಲಿ ತ್ರಾಸ ಆಗ್ತೈತಿ?" ಎಂದು ಎದುರು ನಿಂತರು. ಎಲ್ಲಿ ಎಂದು ಹೇಳುವ ಮೊದಲೇ ನಾನು ಗೊರಕೆ ಹೊಡೆಯುತ್ತಿದ್ದೆನಂತೆ. "ಅಮ್ಮಾರ, ಕುರ್ಚಿಗೆ ಏನೂ ಆಗಿಲ್ರಿ" ಎಂದು ಗಿರಿಜಾಗೆ ಹೇಳಿ ಹೊರಟುಹೋದರಂತೆ. ಮರುದಿನ ಮತ್ತೆ ನಾನು, ಕುರ್ಚಿ ಮತ್ತು ಬಿಟ್ಟ ಕಣ್ಣು.

ಕಳೆದ ವಾರ ಉಳವಿಯ ಕೆರಿಯಪ್ಪ ಮನೆ ಹುಡುಕಿಕೊಂಡು ಬಂದ. ತೀರಿಹೋದ ತಂದೆಯ ಖಾತೆ ತನ್ನ ಹೆಸರಿಗೆ ಆಗಲೆಂದು ನನ್ನ ಕಚೇರಿಗೆ ವರ್ಷಗಟ್ಟಲೆ ಅಲೆದವನು. ಈಗ ಅಲ್ಲಿರುವವರು ಅವನ ಫೈಲೇ ಇಲ್ಲ ಎನ್ನುತ್ತಾರಂತೆ. ನಾನು ಎಲ್ಲಿಟ್ಟಿದ್ದೇನೆಂದು ತಿಳಿದರೆ ಸಾಕಂತೆ. "ಕೂತ್ಕೋ ಮಾರಾಯ" ಎಂದೆ. "ಇರ್ಲಿ ಬಿಡಿ ಸಾರ್" ಎಂದು ಚೀಲದಿಂದ ಕಾಗದ ತೆಗೆದು, ನಿಂತೇ ಓದತೊಡಗಿದ.

ಕಣ್ಣು ಬಿಟ್ಟಾಗ ಬಿಸಿಲು ಅಂಗಳ ದಾಟಿತ್ತು. ಕೆರಿಯಪ್ಪ ಹಾಗೇ ನಿಂತಿದ್ದ. ಗಿರಿಜಾ ಕೊಟ್ಟ ಕಾಫಿ ಕುಡಿದಿದ್ದ, ಹಾಕಿದ ಕುರ್ಚಿಯಲ್ಲಿ ಕೂತಿರಲಿಲ್ಲ.

"ರೀ, ನಿಮ್ಮ ನಿದ್ದೆ ಕುರ್ಚಿಯಿಂದ ಬರೋದಲ್ಲ" ಎಂದಳು ಗಿರಿಜಾ. "ಎದುರಿಗೆ ಯಾರಾದ್ರೂ ನಿಂತಿರಬೇಕು, ಅಷ್ಟೇ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಧಡಕ್ಕನೆ ಏಳಲು ಹೋದೆ. ರಿಕ್ಲೈನರಿನಿಂದ ಗಾಂಭೀರ್ಯದಿಂದ ಏಳಲು ಸಾಧ್ಯವಿಲ್ಲ, ಕಾಲು ಮೇಲೇ ಉಳಿಯಿತು. "ಎಬ್ಬಿಸೋದಲ್ವೇನೋ?" ಎಂದೆ.

"ಎಬ್ಬಿಸಿದ್ರೆ ನಿಮಗೆ ಸಿಟ್ಟು ಬರ್ತೈತೆ ಸಾರ್. ಸಿಟ್ಟು ಬಂದ್ರೆ ಫೈಲು ಇನ್ನೂ ಅಡೀಗೆ ಹೋಗ್ತೈತೆ" ಎಂದ. ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನ ಅವನ ಜೊತೆ ನಾನೇ ಕಚೇರಿಗೆ ಹೋದೆ. ನನ್ನ ಜಾಗದಲ್ಲಿ ಹೊಸಬರೊಬ್ಬರು ಊಟ ಮುಗಿಸಿ ಕೂತಿದ್ದರು. ನಾನು ಯಾರೆಂದು ಹೇಳಿಕೊಂಡೆ. "ಹೌದಾ, ಹೇಳಿ" ಎಂದರು. ಎರಡನೇ ಮಾತಿಗೆ ಅವರ ಕಣ್ಣು ಮುಚ್ಚಿತು, ಮೂರನೆಯದಕ್ಕೆ ತಲೆ ವಾಲಿತು. ನನಗೆ ಮೈಯೆಲ್ಲ ಉರಿದು, ಮೇಜು ಗುದ್ದಲು ಕೈ ಎತ್ತಿದೆ. ಕೆರಿಯಪ್ಪ ಮೆಲ್ಲಗೆ ನನ್ನ ತೋಳು ಹಿಡಿದು ಬೀರುವಿನ ಪಕ್ಕಕ್ಕೆ ಕರೆದೊಯ್ದ.

"ಇಲ್ಲಿ ಗೋಡೆಗೆ ಒರಗಿ ನಿಂತ್ಕಳಿ ಸಾರ್" ಎಂದು ಪಿಸುಗುಟ್ಟಿದ. "ಕಿಟಕಿ ಗಾಳಿ ಬರ್ತೈತೆ, ಸೊಂಟಾನೂ ನೋಯಲ್ಲ. ಇಡೀ ಆಫೀಸಲ್ಲಿ ಇದೇ ಒಳ್ಳೇ ಜಾಗ."