ಸಿದ್ದಾಪುರಕ್ಕೆ ಮೊಟ್ಟೆ ಕಳಿಸಿದ್ದು

ಕಾವಿಗೆ ಇಡುವ ಮೊಟ್ಟೆಯನ್ನು ಊರಿಂದೂರಿಗೆ ಕಳಿಸುವವರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಬರೆದಿಡುವವರು ಕಡಿಮೆ, ಅಷ್ಟೇ. ನಾನು ಬರೆದಿಡುತ್ತೇನೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು ನಾನು. ನಮ್ಮ ಮನೆಯ ಪ್ರತಿ ಹೇಂಟೆಗೂ ವಹಿಯಲ್ಲಿ ಒಂದೊಂದು ಪುಟ ಇದೆ.

ನಮ್ಮದು ಯಲ್ಲಾಪುರದ ಹತ್ತಿರದ ಹಳ್ಳಿ. ನನ್ನ ತವರಿನಿಂದ ಬಂದ ಬೋಳು ಕುತ್ತಿಗೆಯ ನಾಟಿ ಕೋಳಿಯ ತಳಿಯೊಂದು ನಮ್ಮಲ್ಲಿದೆ. ಕಳೆದ ವರ್ಷ ರೋಗ ಬಂದು ಕೇರಿಯ ಕೋಳಿಗಳೆಲ್ಲ ಹೋದಾಗ ಈ ತಳಿಯಲ್ಲಿ ಉಳಿದದ್ದು ಮೂರು ಹೇಂಟೆ, ಎರಡು ಹುಂಜ. ಇನ್ನೊಂದು ಸಲ ರೋಗ ಬಂದರೆ ತಳಿ ಅಲ್ಲಿಗೆ ಮುಗಿಯಿತು. ಹಾಗಾಗಿ ಅದು ಇನ್ನೊಂದು ಮನೆಯಲ್ಲೂ ಬೆಳೆಯಬೇಕು ಎಂದು ತೀರ್ಮಾನಿಸಿದೆ. ಸಿದ್ದಾಪುರದಲ್ಲಿರುವ ನನ್ನ ನಾದಿನಿಯ ಮನೆಯನ್ನು ಆರಿಸಿದೆ. ಅವಳು ಓದಿದ್ದು ಏಳನೇ ಇಯತ್ತೆ. ಅವಳು ಕೂರಿಸಿದ ಮೊಟ್ಟೆ ಮರಿಯಾಗದೆ ಉಳಿದದ್ದನ್ನು ನಾನು ಕೇಳಿಲ್ಲ. ಇದನ್ನು ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ.

"ಒಂದು ಚೀಲದಲ್ಲಿ ಹಿಡ್ಕಂಡು ಬಸ್ಸು ಹತ್ತಿ ಬನ್ನಿ ಅತ್ತಿಗೆ" ಎಂದಳು ಫೋನಿನಲ್ಲಿ.

"ಈಗ ಎಲ್ಲರೂ ಪಾರ್ಸೆಲ್ ಮಾಡ್ತಾರೆ. ಅದಕ್ಕೊಂದು ಪದ್ಧತಿ ಇದೆ" ಎಂದೆ.

"ಹಂಗಾರೆ ಪದ್ಧತಿ ಪ್ರಕಾರನೇ ಕಳ್ಸಿ. ಮಳೆ ಹಿಡಿಯೂದ್ರೊಳಗೆ ಮರಿ ಆಗ್ಲಿಲ್ಲ ಅಂದ್ರೆ ನಾ ಗಾಡಿಯವ್ನ ಹತ್ರ ಬಣ್ಣದ ಮರಿ ತಗಳ್ತೆ. ನಂಗೆ ಗೂಡು ಖಾಲಿ ಇಡೂಕೆ ಆಗೂದಿಲ್ಲ."

ಗುಲಾಬಿ, ಹಸಿರು ಬಣ್ಣ ಬಳಿದ ಯಂತ್ರದ ಮರಿಗಳನ್ನು ವ್ಯಾನಿನಲ್ಲಿ ಮಾರಿಕೊಂಡು ಬರುತ್ತಾನಲ್ಲ, ಅವನ ಮಾತು. ಅವನಿಗೂ ನನಗೂ ಪೈಪೋಟಿ ಶುರುವಾದದ್ದು ಹೀಗೆ. ಅವನಿಗೆ ಈ ವಿಷಯ ಗೊತ್ತಿರಲಿಲ್ಲ.

ತಂಪಾದ ಜಾಗ

ಮೊದಲ ಸಲ ಅಂಚೆಯಲ್ಲಿ ಕಳಿಸಿದೆ. ಒಂಬತ್ತು ಮೊಟ್ಟೆ, ಒಂದೊಂದಕ್ಕೂ ಕಾಗದ, ನಡುವೆ ಭತ್ತದ ಹೊಟ್ಟು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ನಾಜೂಕು", "ಈ ಭಾಗ ಮೇಲೆ", "ತಂಪಾದ ಜಾಗದಲ್ಲಿಡಿ" ಎಂದು ಬರೆದೆ. ಕಾವಿಗೆ ಕೂರಿಸುವ ತನಕ ಮೊಟ್ಟೆಗೆ ಸೆಕೆ ತಾಗಬಾರದು. ಇದು ಪುಸ್ತಕದಲ್ಲೇ ಇದೆ.

"ಒಳಗೆ ಎಂತ ಇದೆ?" ಎಂದು ಅಂಚೆಯಲ್ಲಿ ಕೇಳಿದರು.

"ಮೊಟ್ಟೆ."

ಅವರು ಮೇಜಿನ ಮೇಲಿದ್ದ ತಮ್ಮ ಊಟದ ಡಬ್ಬಿಯನ್ನು ತೆಗೆದು ಖಾನೆಯೊಳಗೆ ಇಟ್ಟು, ಖಾನೆ ಮುಚ್ಚಿ, ಆಮೇಲೆ ಪಾರ್ಸೆಲ್ ತೂಗಿದರು.

ಪಾರ್ಸೆಲ್ ಮೂರನೇ ದಿನವೇ ತಲುಪಿತು. ನಾದಿನಿ ಮದುವೆಗೆ ಹೋಗಿದ್ದಳು. ಪಕ್ಕದ ಮನೆಯಲ್ಲಿದ್ದ ನಿವೃತ್ತ ಮಾಸ್ತರರು ಅದನ್ನು ತೆಗೆದುಕೊಂಡರು. ಅವರು ಬರೆದದ್ದನ್ನು ಓದುವ, ಓದಿದ್ದನ್ನು ಪಾಲಿಸುವ ಜನ. ತಂಪಾದ ಜಾಗ ಎಂದರೆ ಅವರ ಮನೆಯಲ್ಲಿ ಫ್ರಿಜ್. ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಮೇಲಿನ ಐಸಿನ ಖಾನೆ. ಎರಡು ದಿನ ಅಲ್ಲಿಟ್ಟರು.

"ಅತ್ತಿಗೆ, ಮೊಟ್ಟೆ ಬಂತು. ಒಂದು ಹನಿ ಚೆಲ್ಲಲಿಲ್ಲ" ಎಂದಳು ನಾದಿನಿ.

"ನೋಡು, ಪದ್ಧತಿ ಅಂದ್ರೆ ಹೀಗೆ."

"ಚೆಲ್ಲೂಕೆ ಬರೂದಿಲ್ಲ. ಕಲ್ಲಾಗಿದ್ದಾವೆ. ಮಾಸ್ತರ್ರು ನಿಮಗೊಂದು ಮಾತು ಹೇಳು ಅಂದ್ರು."

"ಎಂತ?"

"ಅಕ್ಷರ ತುಂಬ ಸ್ಪಷ್ಟ ಉಂಟಂತೆ."

ಬೆಸ

ಎರಡನೆಯ ಸಲ ಶಿರಸಿಗೆ ಹೋಗಿ ಕೊರಿಯರ್ ಮಾಡಿದೆ. ಟ್ರೇ ಕತ್ತರಿಸಿದಾಗ ಹನ್ನೆರಡು ಗುಳಿ ಬಂದವು, ಹನ್ನೆರಡು ಮೊಟ್ಟೆ ಇಟ್ಟೆ. ಡಬ್ಬದ ಮೇಲೆ ವಿಳಾಸ ಬಿಟ್ಟು ಬೇರೇನೂ ಬರೆಯಲಿಲ್ಲ. ಎಲ್ಲವೂ ಸುರಕ್ಷಿತವಾಗಿ ತಲುಪಿದವು.

"ಹನ್ನೆರಡಾ?" ಎಂದಳು ನಾದಿನಿ. "ಎಂತ ಅತ್ತಿಗೆ, ಸರಿ ಲೆಕ್ಕದಲ್ಲಿ ಯಾರಾದ್ರೂ ಕಾವಿಗೆ ಇಡ್ತಾರಾ? ಬೆಸ ಇರ್ಬೇಕು."

"ಮಾರಾಯ್ತಿ, ಹೇಂಟೆಗೆ ಎಣಿಸೂಕೆ ಬರೂದಿಲ್ಲ."

"ನಂಗೆ ಬರ್ತದೆ."

ತನ್ನ ಕೋಳಿಯ ಮೊಟ್ಟೆ ಒಂದನ್ನು ಸೇರಿಸಿ ಹದಿಮೂರು ಮಾಡಬಹುದಿತ್ತು. ಆದರೆ ಬೇರೆ ತಳಿ ಬೆರೆಸಬಾರದು ಎಂದು ನಾನೇ ತಾಕೀತು ಮಾಡಿದ್ದೆ. ಹಾಗಾಗಿ ಒಂದನ್ನು ತೆಗೆದು ಗಂಡನಿಗೆ ಆಮ್ಲೆಟ್ ಮಾಡಿದಳು. ಹನ್ನೊಂದು ಉಳಿಯಿತು. ಮರುದಿನ ಹೇಂಟೆಯ ಕಾಲಿಗೆ ಸಿಕ್ಕಿ ಒಂದು ಒಡೆಯಿತು. ಹತ್ತು ಸರಿ ಲೆಕ್ಕವಾದ್ದರಿಂದ ಇನ್ನೊಂದನ್ನು ತೆಗೆದಳು. ಒಂಬತ್ತು. ಬೆಕ್ಕು ಒಂದನ್ನು ಒಯ್ಯಿತು. ಎಂಟು ಸರಿ, ಏಳು ಮಾಡಿದಳು. ಕೇರೆಹಾವು ಒಂದನ್ನು ನುಂಗಿತು. ಆರು ಸರಿ, ಐದು ಮಾಡಿದಳು. ಅವಳ ಗಂಡ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ "ಇವತ್ತು ಸರಿಯಾ, ಬೆಸವಾ?" ಎಂದು ವಿಚಾರಿಸುತ್ತಿದ್ದರಂತೆ. ನಾಲ್ಕನೇ ದಿನದ ನಂತರ ತೆಗೆದ ಮೊಟ್ಟೆಗಳು ಆಮ್ಲೆಟ್ಟಿಗೆ ಬಾರದೆ ನಾಯಿಗೆ ಹೋದ ಮೇಲೆ ವಿಚಾರಿಸುವುದನ್ನು ಬಿಟ್ಟರು.

ಇನ್ನೂ ಎರಡು ಹೀಗೇ ಹಾಳಾಗಿ, ಅವುಗಳ ಹಿಂದೆ ಎರಡು ಹೀಗೇ ಹೊರಬಿದ್ದು, ಕೊನೆಗೆ ಉಳಿದದ್ದು ಒಂದು. ವಹಿಯಲ್ಲಿ ಹೀಗೆ ಬರೆದಿದ್ದೇನೆ: ಬೆಕ್ಕು, ಹಾವು ಮೊದಲಾದವು ಕೆಡಿಸಿದ್ದು ಐದು, ಶಾಸ್ತ್ರ ಕೆಡಿಸಿದ್ದು ಆರು.

ಒಂದು ಬೆಸವೇ. ನಾದಿನಿಯ ಆಕ್ಷೇಪ ಇರಲಿಲ್ಲ. ಹೇಂಟೆಯ ಆಕ್ಷೇಪ ಇತ್ತು. ಅದು ಆ ಒಂದನ್ನು ನೋಡಿ ಎದ್ದು ಹೋಯಿತು.

ಹಿಂತಿರುಗಿದೆ

"ಮೊಟ್ಟೆ ನಿಮ್ಮ ಕೈಲಾಗೂದಲ್ಲ. ಹುಂಜನ್ನಾದ್ರೂ ಕಳ್ಸಿ, ಅರ್ಧ ತಳಿಯಾದ್ರೂ ಬರ್ಲಿ" ಎಂದಳು ನಾದಿನಿ.

ದಿನಾ ಸಿದ್ದಾಪುರಕ್ಕೆ ಹೋಗಿ ಬರುವ ಟೆಂಪೊ ಒಂದಿದೆ. ಹುಂಜನನ್ನು ಬಿದಿರು ಬುಟ್ಟಿಗೆ ಹಾಕಿ, ಮೇಲ್ಗಡೆ ಕಳಿಸಿದವರ ಹೆಸರು, ಕೆಳಗಡೆ ಪಡೆಯುವವರ ಹೆಸರು ಬರೆದ ಕಾಗದ ಅಂಟಿಸಿದೆ. ಮನೆಯಲ್ಲಿ ಗೋಂದು ಇರಲಿಲ್ಲ, ಅನ್ನ ಅರೆದು ಅಂಟಿಸಿದೆ. ಬೋಳು ಕುತ್ತಿಗೆಯ ಕೋಳಿಯ ಕುತ್ತಿಗೆ ಬುಟ್ಟಿಯ ಸಂದಿಯಿಂದ ಎಷ್ಟು ದೂರ ಹೊರಗೆ ಬರುತ್ತದೆ ಎಂದು ನಾನು ಅಳೆದಿರಲಿಲ್ಲ. ಕಾಗದದ ಕೆಳಗಿನ ಅರ್ಧದ ತನಕ ಬರುತ್ತದೆ.

ನಾದಿನಿ ಸಿದ್ದಾಪುರದಲ್ಲಿ ಕಾದು ನಿಂತು "ಇದು ನಂದು" ಎಂದಳು. ಟೆಂಪೊದವನು ಕಾಗದ ಓದಿದ.

"ಇದ್ರ ಮೇಲೆ ಬೇರೆಯವ್ರ ಹೆಸ್ರು ಉಂಟು."

"ಅದು ನಮ್ಮತ್ತಿಗೆ ಹೆಸ್ರು."

"ಹಂಗಾರೆ ಅವ್ರಿಗೇ ಕೊಡ್ತೆ."

ಪ್ರಾಮಾಣಿಕ ಮನುಷ್ಯ. ಸಂಜೆ ನನ್ನ ಮನೆಗೇ ತಂದು ಕೊಟ್ಟ. ವಹಿಯ ಆ ಸಾಲು ಹೀಗಿದೆ: "ಹುಂಜ 1. ಹಿಂತಿರುಗಿದೆ. ಕಾರಣ: ವಿಳಾಸ ತಿಂದಿದೆ."

ಹತ್ತಿದ್ದಲ್ಲ

ಅಷ್ಟರಲ್ಲಿ ಮೋಡ ಕಟ್ಟತೊಡಗಿತ್ತು. ನಮ್ಮ ಹೇಂಟೆಯೊಂದು ಮೂರು ದಿನ ಕಾಣಲಿಲ್ಲ. ಪುಟದಲ್ಲಿ "ಮುಂಗುಸಿ ಒಯ್ದಿರಬಹುದು" ಎಂದು ಬರೆದೆ. ನಾಲ್ಕನೇ ದಿನ ಅಟ್ಟದ ಮೇಲಿನ ಹಳೆಯ ಬುಟ್ಟಿಯಲ್ಲಿ ಕಾವಿಗೆ ಕೂತದ್ದು ಸಿಕ್ಕಿತು. ಮುಂಗುಸಿಯನ್ನು ಹೊಡೆದುಹಾಕಿದೆ, ವಹಿಯಲ್ಲಿ. ಆ ಬುಟ್ಟಿಗೇ ಬದಿಯಿಂದ ಕೈ ಹಾಕಿ, ಪೆನ್ಸಿಲಿನಲ್ಲಿ ಒಂದರಿಂದ ಒಂಬತ್ತರ ತನಕ ನಂಬರು ಬರೆದ ಮೊಟ್ಟೆಗಳನ್ನು ಅದರ ಹೊಟ್ಟೆಯಡಿ ಸೇರಿಸಿದೆ. ಕೂತ ಹೇಂಟೆಯನ್ನು ಎತ್ತಬಾರದು ಎಂದಿದೆ ಪುಸ್ತಕದಲ್ಲಿ. ಎತ್ತಲಿಲ್ಲ.

ಮರಿಯಾಗಲು ಇಪ್ಪತ್ತೊಂದು ದಿನ. ಹದಿನೆಂಟನೇ ದಿನ ನಾದಿನಿಯ ಫೋನು ಬಂತು: "ಗಾಡಿಯವ ನಾಳೆ ಬರ್ತ. ನಂದೊಂದು ಹೇಂಟೆ ಕಾವಿಗೆ ಬಂದು ಬರೀ ಗೂಡಲ್ಲಿ ಕೂತಿದೆ. ಎಂತ ಮಾಡ್ಲಿ?"

"ಈಗ್ಲೇ ಬರ್ತಾ ಇದ್ದೇನೆ" ಎಂದು ಹೇಂಟೆ ಕೂತ ಬುಟ್ಟಿಯನ್ನು ಹಾಗೇ ಎತ್ತಿಕೊಂಡು ಬಸ್ಸು ಹತ್ತಿದೆ. ಹೇಂಟೆ ಅಲುಗಲಿಲ್ಲ. ಶಿರಸಿಯಲ್ಲಿ ಇಳಿದು ಸಿದ್ದಾಪುರದ ಬಸ್ಸು ಹಿಡಿದೆ. ಕಂಡಕ್ಟರು ಹಾವೇರಿ ಕಡೆಯವನು.

"ಎಷ್ಟು ಕೋಳಿ ಅದಾವ್ರಿ ಅಮ್ಮಾರ?"

"ಒಂದು. ಅಡಿಯಲ್ಲಿ ಮೊಟ್ಟೆ."

"ತತ್ತಿಗೆ ಟಿಕೆಟ್ ಇಲ್ರಿ" ಎಂದು ಕೋಳಿಗೆ ಅರ್ಧ ಟಿಕೆಟ್ ಹರಿದ. ಹೆಂಗಸಾದ್ದರಿಂದ ನನಗೆ ಪುಕ್ಕಟೆ. ನಮ್ಮಿಬ್ಬರಲ್ಲಿ ಪ್ರಯಾಣದ ಖರ್ಚು ಕೊಟ್ಟು ಕೂತದ್ದು ಹೇಂಟೆ ಒಂದೇ.

ಅರ್ಧ ದಾರಿಯಲ್ಲಿ ಚೀಂವ್ ಎಂದಿತು. ಮುಂದಿನ ಸೀಟಿನವರು ಮೊಬೈಲು ತೆಗೆದು ನೋಡಿದರು. ಮತ್ತೆ ಚೀಂವ್ ಎಂದಿತು. ಹಿಂದಿನವರೂ ನೋಡಿದರು. ಪಕ್ಕದಲ್ಲಿ ಬಿಳಿ ಪಂಚೆಯ ಹೆಗಡೇರೊಬ್ಬರು ಕೂತಿದ್ದರು, ಪಂಚೆಯನ್ನು ನಿಧಾನಕ್ಕೆ ತಮ್ಮ ಕಡೆ ಎಳೆದುಕೊಂಡು ಹೇಳಿದರು, "ತಂಗೀ, ನಿನ್ನ ಬುಟ್ಟಿ ಮಾತಾಡ್ತಾ ಇದ್ದು."

ಹೇಂಟೆಯ ರೆಕ್ಕೆಯಡಿಯಿಂದ ಒಂದು ಬೋಳು ಕುತ್ತಿಗೆ ಹೊರಬಂತು. ನನ್ನ ಲೆಕ್ಕದಲ್ಲಿ ಅದಕ್ಕೆ ಇನ್ನೂ ಮೂರು ದಿನ ಬಾಕಿ ಇತ್ತು. ಸಿದ್ದಾಪುರ ಹತ್ತಿರ ಬರುವಾಗ ಕುತ್ತಿಗೆ ನಾಲ್ಕಾಗಿತ್ತು. ಊರ ಹೊರಗೆ ತಪಾಸಣೆಯವರು ಬಸ್ಸು ನಿಲ್ಲಿಸಿ ಹತ್ತಿದರು. ಬುಟ್ಟಿ ನೋಡಿದರು, ಟಿಕೆಟು ನೋಡಿದರು.

"ಕೋಳಿ ಐದು. ಟಿಕೆಟ್ ಒಂದು" ಎಂದರು ಕಂಡಕ್ಟರನಿಗೆ.

"ಸಾಹೇಬ್ರ, ನಾ ಟಿಕೆಟ್ ಹರಿಯೂವಾಗ ಇವು ತತ್ತಿ ಇದ್ದೂರಿ."

"ಈ ನಾಲ್ಕು ಎಲ್ಲಿ ಹತ್ತಿದ್ವು?"

ಕಂಡಕ್ಟರು ನನ್ನ ಮುಖ ನೋಡಿದ. ಅವನ ಕೆಲಸದ ಪ್ರಶ್ನೆ. ನಾನು ಎದ್ದು ನಿಂತು ಹೇಳಿದೆ, "ಹತ್ತಿದ್ದಲ್ಲ ಸಾರ್. ಹುಟ್ಟಿದ್ದು."

ಅವರು ನಿಯಮದ ಪುಸ್ತಕ ತೆಗೆದರು. ಅದರಲ್ಲಿ ಹತ್ತಿದವರಿಗೆ ಕಲಮು ಇದೆ, ಇಳಿದವರಿಗೆ ಇದೆ. ಸ್ವಲ್ಪ ಹೊತ್ತು ಪುಟ ತಿರುವಿ, ಪುಸ್ತಕ ಮುಚ್ಚಿ, ಬಾಣಂತಿಗೆ ಗಾಳಿ ತಾಗದ ಹಾಗೆ ಕಿಟಕಿ ಹಾಕಿಕೊಳ್ಳಿ ಎಂದು ಹೇಳಿ ಇಳಿದುಹೋದರು.

ನಾದಿನಿಯ ಅಂಗಳದಲ್ಲಿ ಹೇಂಟೆಯನ್ನು ಎತ್ತಿದೆ. ಅಡಿಯಲ್ಲಿ ನನ್ನ ಒಂಬತ್ತೂ ಮೊಟ್ಟೆ ಇದ್ದವು. ಪೆನ್ಸಿಲಿನ ನಂಬರು ಸಮೇತ, ಒಂದರಲ್ಲೂ ಬಿರುಕಿಲ್ಲ. ಒಡೆದ ಚಿಪ್ಪುಗಳ ಮೇಲೆ ನಂಬರೇ ಇಲ್ಲ. ನಾನು ನೋಡುವ ಮೊದಲೇ ಹೇಂಟೆ ತನ್ನ ಪಾಡಿಗೆ ನಾಲ್ಕು ಇಟ್ಟುಕೊಂಡು ಕೂತಿತ್ತು. ಕಲಿತವಳು ಸುಳ್ಳು ಹೇಳಬಾರದು. ನಾದಿನಿಗೆ ಇದ್ದ ಹಾಗೆ ಹೇಳಿದೆ.

ಅವಳು ನನ್ನ ಒಂಬತ್ತನ್ನು ತನ್ನ ಹೇಂಟೆಯಡಿ ಇಟ್ಟಳು. ಮರುದಿನ ಬಂದ ಗಾಡಿಯವನನ್ನು ಬಾಗಿಲಿಂದಲೇ ಕಳಿಸಿದಳು. ನಾನು ಅಲ್ಲೇ ಉಳಿದೆ. ಮೂರನೇ ದಿನ, ಲೆಕ್ಕ ಹಾಕಿದ ದಿನಕ್ಕೆ ಸರಿಯಾಗಿ, ಏಳು ಮರಿಯಾದವು. ತಳಿಗೆ ಎರಡನೇ ಮನೆ ಸಿಕ್ಕಿತು. ಕೇರಿಯ ಹೆಂಗಸರೆಲ್ಲ ನೋಡಲು ಬಂದರು.

ನಾದಿನಿ ಅಕ್ಕಿನುಚ್ಚು ಚೆಲ್ಲುತ್ತ ಅವರಿಗೆ ಪರಿಚಯ ಮಾಡಿಕೊಟ್ಟಳು: "ಈ ಏಳು ನಮ್ಮತ್ತಿಗೆ ಓದಿಸಿದ್ದು. ಆ ನಾಲ್ಕು ಶಾಲೆಗೆ ಹೋದದ್ದಲ್ಲ. ನುಚ್ಚು ಯಾವ್ದು ಮೊದ್ಲು ಹೆಕ್ತದೆ, ನೀವೇ ನೋಡಿ."