ಎಂಟನೇ ಹಂತದ ಖಂಡಪ್ಪ

ಬ್ಯಾನರಿಗೆ ಒಂದು ಅಂಕಿ ಬೇಕಾಗಿತ್ತು. ಇಲ್ಲದಿದ್ದರೆ ಖಂಡಪ್ಪನ ಮಾನ ಆರಾಮಾಗಿ ಉಳಿಯುತ್ತಿತ್ತು.

ಅಕ್ಕಲಕೋಟದ ಬುದ್ಧಿಬಳ, ಅಂದರೆ ಚದುರಂಗದ ಸ್ಪರ್ಧೆಗೆ ಅವನೇ ಪ್ರಮುಖ ಅತಿಥಿ ಎಂದು ನಿಶ್ಚಯವಾಗಿತ್ತು. ವೇದಿಕೆಯ ಮೇಲೆ ಕೇಸರಿ ಫೇಟಾ ಸುತ್ತಿ ಸತ್ಕಾರ ಮಾಡುವವರಿದ್ದರು. ಸೋಲಾಪುರದ ಟವೆಲ್ ಕಾರ್ಖಾನೆಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನಿಗೆ ಈ ಮರ್ಯಾದೆ ಸುಮ್ಮನೆ ಬಂದದ್ದಲ್ಲ. ಕಂಪ್ಯೂಟರ್ ಎಂಬ ಪ್ರಾಣಿಯನ್ನು ಓಣಿಯಲ್ಲಿ ಯಾರೂ ಕಂಡಿರದ ಕಾಲದಲ್ಲಿ, ಒಂದು ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ, ಚದುರಂಗ ಆಡುವ ಕಂಪ್ಯೂಟರನ್ನು ಅದರ ಅತಿ ಕಠಿಣವಾದ ಎಂಟನೇ ಹಂತದಲ್ಲಿ ಸೋಲಿಸಿದ ಪುಣ್ಯಾತ್ಮ ಅವನು. ಅಂದಿನಿಂದ ಓಣಿಯವರು ಅವನನ್ನು ಕರೆಯುವುದೇ ‘ಎಂಟನೇ ಹಂತದ ಖಂಡಪ್ಪ’ ಎಂದು. ಆಮೇಲೆ ಅವನು ಆ ಯಂತ್ರವನ್ನು ಮುಟ್ಟಿರಲಿಲ್ಲ. ಯಾರಾದರೂ ಕೇಳಿದರೆ, “ಗೆದ್ದ ಮ್ಯಾಲೆ ಮತ್ತ ಯಾಕ ಆಡಬೇಕು?” ಎನ್ನುತ್ತಿದ್ದ.

ಸ್ಪರ್ಧೆಯ ಹಿಂದಿನ ದಿನ ಬೆಳಿಗ್ಗೆ ಚದುರಂಗ ಸಂಘದ ಕಾರ್ಯದರ್ಶಿ ಅಮೋಲ್ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದ. “ಕಾಕಾ, ಬ್ಯಾನರ್ ಮ್ಯಾಲೆ ಹಾಕಬೇಕು. ನೀವು ಸೋಲಿಸಿದ ಮಷೀನ್ ಎಷ್ಟು ರೇಟಿಂಗಿಂದು?”

“ಡಬ್ಬಿ ಮ್ಯಾಲೆ ಹದಿನೆಂಟು ನೂರು ಅಂತ ಬರದಾರಲ್ಲೊ.”

“ಅದು ಮಾರಾವ್ರ ಮಾತು ಕಾಕಾ. ಆಗಿನ ಕಂಪನಿಯವರು ಬಾಯಿಗೆ ಬಂದಂಗ ಬರೀತಿದ್ರು. ತೂಕದ ಕಲ್ಲು ಖರೆ ಇದ್ರ ಜ್ವಾಳದ ತೂಕ ತಿಳೀತದ. ಈಕಿ ನಮ್ಮ ಮಯೂರಿ, ರೇಟಿಂಗ್ ಹದಿನಾಲ್ಕು ನೂರು. ಈಕಿನ್ನ ಮಷೀನ್ ಸೋಲಿಸಿದ್ರ ಅದು ಗಟ್ಟಿ ಅಂತ ಲೆಕ್ಕ.”

“ಈಕಿನ ಗೆದ್ರ?”

ಅಮೋಲ್ ತಲೆ ಕೆರೆದುಕೊಂಡ. “ಫೇಟಾಕ್ಕ ಬ್ಯಾರೆ ತಲಿ ನೋಡಬೇಕಾಗ್ತದ.”

ಟ್ರಂಕಿನಿಂದ ಯಂತ್ರ ಹೊರಬಂತು. ಹಳೆಯ ಇಳಕಲ್ ಸೀರೆಯ ತುಂಡು ಬಿಚ್ಚುತ್ತಿದ್ದಂತೆ ಖಂಡಪ್ಪನ ಎದೆ ತುಂಬಿ ಬಂತು. ಹೆಂಡತಿ ಗುರುಬಾಯಿಯ ಅಣ್ಣ ಮಸ್ಕತ್‌ನಿಂದ ತಂದುಕೊಟ್ಟದ್ದು ಅದು. ಕಾಯಿಯಿಂದ ಹಲಗೆಯ ಮನೆಯನ್ನು ಒತ್ತಿದರೆ ‘ಟುಯ್’ ಎನ್ನುವುದು. ಅಂಚಿನಲ್ಲಿ ಪುಟ್ಟ ಕೆಂಪು ದೀಪ ಮಿಣುಕುವುದು. ಆ ‘ಟುಯ್’ ಕೇಳಲಿಕ್ಕೆಂದೇ ಆಟ ಬಾರದವರೂ ಹೊಸ್ತಿಲ ಮೇಲೆ ಬಂದು ಕೂಡುತ್ತಿದ್ದರು. ಆ ಸಂಜೆಗಳು ಎಷ್ಟು ಚೆಂದವಿದ್ದವು! ಈಗ ಎಲ್ಲರ ಜೇಬಿನಲ್ಲೂ ಕಂಪ್ಯೂಟರ್. ಒಬ್ಬರ ಮನೆಗೆ ಒಬ್ಬರು ಹೋಗುವುದೇ ಇಲ್ಲ.

ಇವತ್ತು ಮಾತ್ರ ಬಂದರು, ಕರೆಯದೆಯೇ ಬಂದರು. ಪಕ್ಕದ ಮನೆಯ ನಿಂಗಣ್ಣ ಮೊಮ್ಮಗನ ಆಟಿಕೆಯ ಅಡಾಪ್ಟರ್ ತಂದು ಚುಚ್ಚಿದ. ಯಂತ್ರ ಜಪ್ಪಯ್ಯ ಎನ್ನಲಿಲ್ಲ. “ಹಳೇ ರೇಡಿಯೋಕ್ಕ ಹಿಂಗ ಮಾಡ್ತಿದ್ವಿ” ಎಂದು ಅವನು ನೆತ್ತಿಯ ಮೇಲೆ ಫಟ್ ಎಂದು ಹೊಡೆದ. ಖಂಡಪ್ಪನಿಗೆ ತನಗೇ ಹೊಡೆದಂತಾಯಿತು. ಆದರೆ ಯಂತ್ರ ‘ಟುಯ್’ ಎಂದಿತು. ಕಪ್ಪು ರಾಜ ಎಲ್ಲೋ ಕಳೆದುಹೋಗಿದ್ದ. ಅವನ ಜಾಗದಲ್ಲಿ ಹೊಲಿಗೆ ದಾರದ ರೀಲು ನಿಂತಿತು. ಹಂತ ತೋರಿಸುವ ದೀಪ ಮೊದಲ ವರ್ಷವೇ ಸುಟ್ಟುಹೋಗಿದ್ದರಿಂದ ಖಂಡಪ್ಪ ಕೆಂಪು ಗುಂಡಿಯನ್ನು ಎಣಿಸಿ ಒತ್ತಿ ಎಂಟನೇ ಹಂತಕ್ಕೆ ತಂದ.

“ನಿಂದ್ರಿ!” ಎನ್ನುತ್ತ ಗುರುಬಾಯಿ ಅಡುಗೆಮನೆಯಿಂದ ಬಂದಳು. “ಇಷ್ಟು ವರ್ಷದ ಮ್ಯಾಲೆ ಹೊರಗ ತಗದೀರಿ, ಪೂಜಿ ಇಲ್ದ ಹಂಗ ಚಾಲೂ ಮಾಡ್ತಾರೇನು?” ವಿಭೂತಿ ಎಳೆದು, ದುಂಡಗಿನ ಜಾಗ ನೋಡಿ ಅರಿಷಿಣ ಕುಂಕುಮವನ್ನು ಒತ್ತಿ ಹಚ್ಚಿದಳು. ಯಂತ್ರ ‘ಟುಯ್’ ಎಂದಿತು.

“ನೋಡ್ರಿ, ನಮಸ್ಕಾರ ಮಾಡ್ತು!” ಎಂದ ನಿಂಗಣ್ಣ. ಎಲ್ಲರೂ ಕೈಮುಗಿದರು.

ಮಯೂರಿ ಕಾಯಿ ಜೋಡಿಸುವಷ್ಟರಲ್ಲಿ ಖಂಡಪ್ಪ ತನ್ನ ಹಳೆಯ ಕತೆಯನ್ನು ಇನ್ನೊಮ್ಮೆ ಹೇಳಿದ. “ಅವತ್ತು ನಾ ನಡಿ ನಡಸೂದ ತಡ, ಅದು ಟುಯ್ ಅಂತ ಉತ್ತರ ಕೊಡ್ತಿತ್ತು. ನನ್ನ ಮಾರಿ ನೋಡಿ ಗಾಬರಿ ಆಗಿತ್ತು!”

ಆಟ ಶುರುವಾಯಿತು. ಮಯೂರಿ ನಡೆಸಿದಳು, ಟುಯ್. ಮತ್ತೆ ನಡೆಸಿದಳು, ಟುಯ್. ಯಂತ್ರ ಮೊದಲು ಕುದುರೆಯನ್ನು, ಆಮೇಲೆ ರಾಣಿಯನ್ನು ಪ್ರಸಾದ ಹಂಚಿದಂತೆ ಕೊಟ್ಟುಬಿಟ್ಟಿತು. ತಂದಿಟ್ಟ ಚಹಾ ಆರುವ ಮೊದಲೇ ದಾರದ ರೀಲಿಗೆ ಶಹ ಬಿದ್ದು ಆಟ ಮುಗಿಯಿತು.

“ಇದನ್ನ ನನ್ನ ಮೊಮ್ಮಗನೂ ಸೋಲಸ್ತಾನ” ಎಂದ ನಿಂಗಣ್ಣ. ಅಮೋಲ್ ಸಂಕಟದಿಂದ ಎದ್ದು ನಿಂತ. “ಕಾಕಾ, ಬ್ಯಾನರಿಗೆ ಏನ ಬರೀಲಿ?”

ಖಂಡಪ್ಪನ ಕಣ್ಣ ಮುಂದಿನಿಂದ ಫೇಟಾ ಹಾರಿಹೋಗುತ್ತಿತ್ತು. ತಟ್ಟನೆ ಅವನ ದೃಷ್ಟಿ ಕುಂಕುಮದ ಮೇಲೆ ಬಿತ್ತು.

“ತಡೀರಿ! ಎಂಟನೇ ಹಂತದಾಗ ಇದು ಇಷ್ಟು ಲಗೂ ಆಡಂಗೇ ಇಲ್ಲ! ಒಂದು ನಡಿ ನಡಸೂದ್ರಾಗ ನಾವು ಪ್ಯಾಟಿಗೆ ಹೋಗಿ ಬರಬಹುದು. ನಮ್ಮಾಕಿ ಕುಂಕುಮ ಎಲ್ಲಿ ಹಚ್ಯಾಳ ನೋಡ್ರಿ, ಕೆಂಪು ಗುಂಡಿ ಮ್ಯಾಲೆ! ಎಂಟರ ಮ್ಯಾಲೆ ಮತ್ತೊಮ್ಮೆ ಒತ್ತಿದ್ರ ತಿರುಗಿ ಒಂದನೇ ಹಂತಕ್ಕ ಬರ್ತದ. ಟುಯ್ ಅಂದದ್ದು ಅದಕ್ಕ! ಮಯೂರಿ ಗೆದ್ದದ್ದು ಒಂದನೇ ಹಂತ. ಸಣ್ಣ ಹುಡುಗರ ಹಂತ ಅದು!”

ವಾದ ಎಲ್ಲರಿಗೂ ಒಪ್ಪಿಗೆಯಾಯಿತು. ಅಮೋಲ್ ಕೂಡ ತಲೆಯಾಡಿಸಿದ. ಖಂಡಪ್ಪ ಗೆದ್ದವನಂತೆ ಸುತ್ತಲೂ ನೋಡಿದ.

ಮಯೂರಿ ಮೆಲ್ಲಗೆ ಕೇಳಿದಳು: “ಅಜ್ಜಾ, ಅವತ್ತೂ ಅದು ಲಗೂ ಲಗೂ ಆಡಿತ್ತು ಅಂದ್ರೆಲ್ಲ... ಅವತ್ತು ಖಂಡೇನವಮಿ. ಮಷೀನಿಗೆ ಪೂಜಿ ಆಗಿತ್ತೇನು?”

ಉತ್ತರ ಕೊಟ್ಟವಳು ಗುರುಬಾಯಿ, ಅದೂ ಅಭಿಮಾನದಿಂದ. “ಆಗದ ಏನು? ನಮ್ಮಣ್ಣ ಕೊಟ್ಟ ಮಷೀನು, ಪೂಜಿ ತಪ್ಪಸ್ತೀನೇನು? ಇವರು ಆಡಾಕ ಕುಂತಾಗನ ಇದ ಜಾಗಾಕ್ಕ ಹಚ್ಚಿದ್ದೆ. ಅವತ್ತೂ ಟುಯ್ ಅಂದಿತ್ತು!”

ಓಣಿ ನಗಲಿಲ್ಲ. ನಕ್ಕಿದ್ದರೆ ಖಂಡಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಳತೆ ಅಳತೆಯೇ ಎಂದು ಅಮೋಲ್ ಇನ್ನೊಂದು ಆಟ ಆಡಿಸಿದ, ಈ ಸಲ ಕುಂಕುಮವಿಲ್ಲದೆ. ಯಂತ್ರ ಒಂದೊಂದು ನಡೆಗೂ ಹಿರಿಯರಂತೆ ಯೋಚಿಸಿತು. ಊಟವಾಯಿತು, ನಿಂಗಣ್ಣನ ನಿದ್ದೆಯೂ ಆಯಿತು. ಯಾರೂ ಮನೆಗೆ ಹೋಗಲಿಲ್ಲ; ಹೊಸ್ತಿಲ ಮೇಲೆ ಮೊದಲಿನಂತೆಯೇ ಜನ ಕೂತಿದ್ದರು. ಖಂಡಪ್ಪನಿಗೆ ಅದನ್ನು ನೋಡಿ ಅಳು ಬಂತೋ ಸಂತೋಷವಾಯಿತೋ ಅವನಿಗೇ ತಿಳಿಯಲಿಲ್ಲ. ಇಳಿಹೊತ್ತಿಗೆ ಮಯೂರಿ ತನ್ನ ರಾಜನನ್ನು ಮಲಗಿಸಿ, ಸೋಲೊಪ್ಪಿಕೊಂಡು ಯಂತ್ರಕ್ಕೆ ಕೈಮುಗಿದಳು.

“ಖರೆ ಗಟ್ಟಿ ಅದ ಕಾಕಾ!” ಅಮೋಲ್ ಕುಣಿದಾಡಿದ. “ಎಂಟನೇ ಹಂತದಾಗ ಇದನ್ನ ಇನ್ನತನ ಯಾರೂ ಸೋಲಿಸಿಲ್ಲ! ಬ್ಯಾನರ್ ಮ್ಯಾಲೆ ಇದನ್ನ ಹಾಕ್ತೀನಿ.” ಹಾಗೆನ್ನುತ್ತಲೇ ಯಂತ್ರದ ಸುತ್ತ ಗೇಣು ಹಾಕಿ ಅಳೆದ. “ಫೇಟಾ ಕೂಡ್ತದ. ನಾಳೆ ನೀವು ಲಗೂ ಅಕ್ಕಲಕೋಟಕ್ಕ ಬರ್ರಿ.”

ಖಂಡಪ್ಪನ ಮುಖ ಅರಳಿತು. “ನಾನೂ ವೇದಿಕೆ ಮ್ಯಾಲ ಇರ್ತೀನೇನು?”

“ನೀವಿಲ್ದ ಹೆಂಗ ಕಾಕಾ? ಫೇಟಾ ಸುತ್ತೂಮುಂದ ಇದನ್ನ ಅಲುಗಾಡದಂಗ ಹಿಡಕೊಳ್ಳಾಕ ಒಬ್ರು ಬೇಕಲ್ಲ.”