ನಿಂಬೆ ಎಲೆಯ ಗೆರೆ ಮತ್ತು ಸಿಂಗಳೀಕ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ಹನಗೋಡಿನ ನಮ್ಮ ಸೋದರಮಾವ. ಅದೂ ನಿಂಬೆ ಎಲೆ ನೋಡಿ! ಬೇರೆಯವರು ಅಂಗೈ ನೋಡಿ ಭವಿಷ್ಯ ಹೇಳಿದರೆ, ಮಾವ ನಿಂಬೆ ಎಲೆಯೊಳಗೆ ರಂಗೋಲಿ ಹುಳ ಕೊರೆದ ಬಿಳಿ ಗೆರೆ ನೋಡಿ ಹೇಳುತ್ತಿದ್ದರು.

"ನಿನ್ ಗೆರೆ ಅರ್ಧಕ್ಕೇ ನಿಂತೋಗೈತೆ ಕಣ್ ಮಗಾ. ನಮ್ ವಂಶದಲ್ಲಿ ಡಿಗ್ರಿ ಅಂದ್ರೆ ಸಿಂಗಳೀಕ ಮರ ಇಳ್ದು ಬಂದು ಹೊಗೆಸೊಪ್ಪು ಪೋಣಿಸ್ದಂಗೆ!"

ಸಿಂಗಳೀಕವೆಂದರೆ ಘಟ್ಟದ ಕಾಡಿನ ಮರದ ತುದಿಯಲ್ಲೇ ಬಾಳುವ, ಅಳಿವಿನ ಅಂಚಿಗೆ ಬಂದಿರುವ ಕೋತಿ. ಮಾವ ಅದನ್ನು ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ!

ಬೆಟ್ಟದಪುರದವರೊಬ್ಬರು ಗೆರೆ ನಿಂತಿದೆ ಎಂಬ ಮಾವನ ಮಾತು ಕೇಳಿ ನಿಶ್ಚಯವಾಗಿದ್ದ ಮದುವೆ ಸಂಬಂಧವನ್ನೇ ಬಿಟ್ಟರು. ಕೃಷಿ ಇಲಾಖೆಯವರು ಹಿತ್ತಲಿನ ನಿಂಬೆ ಗಿಡಕ್ಕೆ ಹುಳದ ಔಷಧಿ ಹೊಡೆಯಿರಿ ಎಂದಾಗ ಮಾವ ರೇಗಿದರು: "ಹೊಡುದ್ರೆ ಊರಿನ್ ಭವಿಷ್ಯನೇ ಸತ್ತೋಯ್ತದೆ ಕಣ್ರೀ!"

ನಗಬೇಡಿ. ಅವ್ವ ಇದನ್ನು ನಂಬಿ, ಪಿಯುಸಿಗೇ ಸಾಕು ಎಂದಳು. ಜಗಳವಾಡಿ ಹುಣಸೂರಿನ ಕಾಲೇಜು ಸೇರಿದೆ. ಒಂದು ವಿಷಯ ಫೇಲಾದರೂ ಓದು ಬಿಟ್ಟು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಸೊಪ್ಪು ಪೋಣಿಸುತ್ತಾ ಕೂರಬೇಕು, ಅದು ಅವ್ವನ ಕರಾರು.

ಕೊನೆಯ ವರ್ಷದ ಪ್ರಾಣಿಶಾಸ್ತ್ರದ ಸೆಮಿನಾರಿಗೆ ನಾನು ಸಿಂಗಳೀಕವನ್ನು ಆರಿಸಿಕೊಂಡೆ. "ಅದನ್ನ ಎಲ್ರೂ ಮಾಡ್ತಾರಮ್ಮ, ಯಾವ್ದಕ್ಕಾದ್ರೂ ಹೋಲಿಸು," ಎಂದರು ಮೇಡಂ. ಯಾವುದಕ್ಕೆ? ನನ್ನ ಹಣೆಬರಹ ಬರೆದ ಹುಳಕ್ಕೇ!

ಮಾವನ ಗಿಡದ ಎಲೆಗಳನ್ನು ದಿನವೂ ನೋಡಿದೆ. ಗೆರೆ ನಿಂತ ಕಡೆ ಎಲೆಯಂಚು ಮಡಚಿಕೊಂಡಿತ್ತು. ಬಿಡಿಸಿದರೆ ಖಾಲಿ ಗೂಡು! ಮಾವನ ಬಳಿಗೆ ಓಡಿದೆ.

"ಮಾವ, ಗೆರೆ ನಿಂತ್ರೆ ಹುಳ ಸತ್ತಿರಲ್ಲ. ಪತಂಗ ಆಗಿ ಹಾರೋಗಿರ್ತದೆ!"

"ಅಂಗಾರೆ ನಾನ್ ಇಷ್ಟ್ ವರ್ಷ ಹೇಳಿದ್ದು?"

"ಎಲ್ಲಾ ಉಲ್ಟಾ!"

ಮಾವ ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ಬೆಟ್ಟದಪುರದೋರ್ಗೆ ಮಾತ್ರ ಹೇಳ್ಬ್ಯಾಡ ಕಣವ್ವಾ!"

ಸೆಮಿನಾರಿನಲ್ಲಿ ಹೇಳಿದೆ: ಸಿಂಗಳೀಕಕ್ಕೆ ಕಡಿಯದ ಕಾಡೇ ಬೇಕು, ಈ ಪತಂಗದ ಬಾಲ್ಯಕ್ಕೆ ಹಿತ್ತಲಿನ ಒಂದು ಎಲೆ ಸಾಕು. ಒಂದನ್ನು ನೋಡಲು ಜನ ಕಾಡಿಗೆ ಹೋಗುತ್ತಾರೆ, ಇನ್ನೊಂದನ್ನು ಕೊಲ್ಲಲು ಔಷಧಿ ಅಂಗಡಿಗೆ! ಇಡೀ ತರಗತಿ ನಕ್ಕಿತು. ನಾನು ನಗಲಿಲ್ಲ. ಒಂದೇ ಎಲೆಯಲ್ಲಿ ಬೆಳೆದವಳು ನಾನೂ ಅಲ್ಲವೇ?

ಪಾಸಾದೆ. ಎಲ್ಲ ವಿಷಯದಲ್ಲೂ.

ಸರ್ಟಿಫಿಕೇಟನ್ನು ಮೊದಲು ಮಾವನ ಕೈಗೇ ಕೊಟ್ಟೆ. ಓದು ಬಾರದ ಮಾವ ಅದನ್ನು ಎಲೆಯಂತೆ ಬೆಳಕಿಗೆ ಹಿಡಿದರು. ನನ್ನ ಹೆಸರಿದ್ದ ಸಾಲು ತೋರಿಸಿದೆ. ಅದರ ಮೇಲೆ ಮೆಲ್ಲಗೆ ಬೆರಳಾಡಿಸಿ, ಸಾಲು ಮುಗಿದಲ್ಲಿ ನಿಲ್ಲಿಸಿದರು. ಕಣ್ಣು ತುಂಬಿತ್ತು.

"ಗೆರೆ ನಿಂತೈತೆ ಕಣ್ ಮಗಾ," ಎಂದರು. "ಇನ್ ಹಾರ್ಕೊಂಡೋಗು."